ಬಾಗಿಲಿಗೆ ಬೈಯುತ್ತಿದ್ದ ಚಿಕ್ಕಪ್ಪ

ನಮ್ಮ ಪುಟ್ಟಸ್ವಾಮಿ ಚಿಕ್ಕಪ್ಪ ಬಾಗಿಲುಗಳಿಗೆ ಬೈಯುತ್ತಿದ್ದ. ತಮಾಷೆಗಲ್ಲ, ಮನಸಾರೆ. ಕಚ್ಚಿಕೊಂಡ ಶಟರಿನ ಎದುರು ಕಾಲಗಲಿಸಿ ನಿಂತು, ಲುಂಗಿ ಎತ್ತಿ ಕಟ್ಟಿ, "ಏನ್ಲಾ ಬಡ್ಡೈದ್ನೆ, ಊರೆಲ್ಲ ಎದ್ದು ಕೂತದೆ, ನಿಂಗಿನ್ನೂ ನಿದ್ದೆಯಾ? ಏಳ್ಲಾ ಮ್ಯಾಕೆ!" ಎಂದು ಅದರ ಹೊಟ್ಟೆಗೆ ಅಂಗೈಯಲ್ಲಿ ಒಂದು ಬಾರಿಸುತ್ತಿದ್ದ. ಆಮೇಲೆ ತಗಡಿಗೆ ಕಿವಿ ಹಚ್ಚಿ ಅದು ಏನು ಹೇಳುತ್ತದೋ ಕೇಳುತ್ತಿದ್ದ. ಮತ್ತೆ ಬೈಗುಳ. ಅಂಗಡಿಯವರು, ದಾರಿಹೋಕರು ನಿಂತು ನಗುತ್ತಿದ್ದರು. ನಕ್ಕಷ್ಟೂ ಅವನ ಬೈಗುಳ ಏರುತ್ತಿತ್ತು.

ಇದನ್ನು ಓದುತ್ತಾ ಹೋದವರು, ಕೊನೆಗೆ ಇವಳು ಕಣ್ಣೀರು ಹಾಕಿ ಚಿಕ್ಕಪ್ಪನನ್ನು ಕ್ಷಮಿಸುತ್ತಾಳೆ ಎಂದುಕೊಂಡರೆ ಈಗಲೇ ಹೇಳಿಬಿಡುತ್ತೇನೆ, ನಾನು ಕ್ಷಮಿಸಿಲ್ಲ. ಅವನು ಸತ್ತು ಮಣ್ಣಾದ ಮೇಲೂ ಕ್ಷಮಿಸಿಲ್ಲ. ಆದರೆ ಅವನ ಬಗ್ಗೆ ಬರೆಯಲು ಕೂತರೆ ಮೊದಲು ಬರುವುದು ನಗುವೇ. ಅದೇ ನನ್ನ ಸಂಕಟ.

ಅವನದು ಪಾಂಡವಪುರದಲ್ಲಿ ಒಂದು ವೆಲ್ಡಿಂಗ್ ಅಂಗಡಿ. ಶಟರು, ಗ್ರಿಲ್ಲು, ಗೇಟು. "ಆ ಕಡೆ ನಾಗಮಂಗಲ, ಈ ಕಡೆ ಸೀರಂಗಪಟ್ಣ, ಎಲ್ಲಿ ಬಾಗ್ಲು ಕಚ್ಕಂಡ್ರೂ ಮೊದ್ಲು ನನ್ ಎಸ್ರೇ ಬರಾದು" ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಅದರಲ್ಲಿ ಅರ್ಧ ನಿಜ, ಅರ್ಧ ಜಂಬ. ಕೈಕೆಲಸ ಗಟ್ಟಿ, ಬೆಸುಗೆ ಹಾಕಿದರೆ ಆನೆ ಎಳೆದರೂ ಬಿಡದು. ಅಳತೆ ಮಾತ್ರ ಕಣ್ಣಳತೆ. ಟೇಪು ಹಿಡಿದರೆ ಅವನ ಮರ್ಯಾದೆ ಕಡಿಮೆಯಾಗುತ್ತಿತ್ತು. "ಟೇಪು ಇಡಿಯವ್ನು ದರ್ಜಿ, ನಾನು ಕಬ್ಬಿಣ್ದವ್ನು" ಎನ್ನುತ್ತಿದ್ದ.

ಬೈಯುವುದಕ್ಕೂ ಅವನದೊಂದು ಕಟ್ಟಳೆ ಇತ್ತು. ನಾನು ಪಿಯುಸಿ ಓದುವಾಗ ಒಂದು ಸಲ ನನ್ನನ್ನು ಟಿವಿಎಸ್ ಗಾಡಿಯಲ್ಲಿ ಕೂರಿಸಿಕೊಂಡು ನಾಗಮಂಗಲದ ನೆಂಟರ ಮನೆಗೆ ಬಿಡಲು ಹೊರಟಿದ್ದ. ದಾರಿಯಲ್ಲಿ ಒಂದು ಗೊಬ್ಬರದಂಗಡಿಯ ಶಟರು ನೋಡಬೇಕಿತ್ತು. ಗೊಬ್ಬರದ ಉಪ್ಪು ತಗಡನ್ನು ಬುಡದಿಂದ ಮೊಣಕಾಲೆತ್ತರದವರೆಗೂ ತಿಂದು ಹಾಕಿತ್ತು. ನಾನು ಬೈಗುಳ ಕೇಳಿ ನಗಲು ಕಾಯುತ್ತಾ ನಿಂತೆ. ಚಿಕ್ಕಪ್ಪ ಬೈಯಲಿಲ್ಲ. ತುಕ್ಕು ಹಿಡಿದ ಪಟ್ಟಿಗಳ ಮೇಲೆ ಕೈಯಾಡಿಸಿ, "ತೆಗ್ಸ್ಬುಡಿ ಸಾವ್ಕಾರ್ರೆ, ಒಸಾದು ಆಕ್ಸಿ" ಎಂದಷ್ಟೇ ಹೇಳಿ ಗಾಡಿ ಹತ್ತಿದ.

"ಯಾಕೆ ಚಿಕ್ಕಪ್ಪ, ಇದಕ್ಕೆ ಒಂದು ಬೈಗುಳಾನೂ ಇಲ್ವಾ?" ಎಂದು ಕೇಳಿದೆ.

"ಸರಿ ಓಗಾದಕ್ಕೆ ಬೈಬೇಕು ಕಣಮ್ಮಿ. ಕೈ ಬುಟ್ಟೋಗಿರಾದಕ್ಕೆ ಬೈದು ಏನ್ ಮಾಡಾನ? ಸುಮ್ಕೆ ಬಂದ್ಬುಡಬೇಕು." ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಮುಂದುವರಿಸಿದ. "ಮನುಸ್ರೂ ಅಷ್ಟೇಯ. ನಿಮ್ಮವ್ವ ನಂಗೆ ದಿನಾ ಬೈತಾಳಲ್ಲ? ಅಂಗಂದ್ರೆ ಇವ್ನು ಇನ್ನೂ ಸರಿ ಓಯ್ತಾನೆ ಅಂತ ಅವ್ಳಿಗೆ ನಂಬ್ಕೆ ಅದೆ ಅಂತ."

ನಮ್ಮವ್ವ ಅವನಿಗೆ ಅತ್ತಿಗೆ. ಅವಳು ಮದುವೆಯಾಗಿ ನಮ್ಮೂರು ಪಾಲಹಳ್ಳಿಗೆ ಬಂದಾಗ ಚಿಕ್ಕಪ್ಪ ಮೂಗೊರೆಸಿಕೊಳ್ಳಲೂ ಬಾರದ ಹುಡುಗ. ನಮ್ಮಜ್ಜಿ ಅಷ್ಟೊತ್ತಿಗೇ ತೀರಿಕೊಂಡಿದ್ದಳು. ಹೊಸ ಮದುವಣಗಿತ್ತಿ ಮೊದಲು ಮಾಡಿದ ಕೆಲಸ ಮೈದುನನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ತಲೆ ಉಜ್ಜಿದ್ದು. ಅಂದಿನಿಂದ ಶುರುವಾದ ಬೈಗುಳ ಅವನಿಗೆ ಮದುವೆಯಾಗಿ ಪಾಂಡವಪುರ ಸೇರಿದರೂ ನಿಲ್ಲಲಿಲ್ಲ. ನಾವು ಹುಟ್ಟಿದ ಮೇಲೂ ಅವ್ವ ಹೇಳುತ್ತಿದ್ದದ್ದು ಒಂದೇ ಮಾತು, "ನನ್ನ ಮೊದ್ಲುನೇ ಮಗ ಪುಟ್ಸಾಮಿ. ನೀವೆಲ್ಲ ಆಮ್ಯಾಕೆ." ವಾರಕ್ಕೊಮ್ಮೆಯಾದರೂ ಅವನು ಅವಳ ಉಪ್ಸಾರು ಮುದ್ದೆ ಉಣ್ಣಲು ಬರಲೇಬೇಕು. ಬಾರದಿದ್ದರೆ ಅದಕ್ಕೂ ಬೈಗುಳ.

ಅಪ್ಪ ಹಳೆಯದೊಂದು ಓಮ್ನಿ ಕಾರು ಕೊಂಡಾಗ ಬೀದಿಗೆ ಮುಖ ಮಾಡಿದ್ದ ದನದ ಕೊಟ್ಟಿಗೆಯನ್ನು ಹಿತ್ತಲಿಗೆ ಸಾಗಿಸಿ, ಅಲ್ಲಿ ಕಾರಿಗೊಂದು ಶೆಡ್ಡು ಮಾಡಿಸಿದರು. ಬಾಗಿಲು ಯಾರದು ಎಂದು ಕೇಳುವ ಹಾಗೇ ಇರಲಿಲ್ಲ. ಚಿಕ್ಕಪ್ಪ ಟ್ರಾಕ್ಟರಿನಲ್ಲಿ ಶಟರು ಹೇರಿಕೊಂಡು, ಮದುವೆ ದಿಬ್ಬಣದ ಹಾಗೆ ಹಾರ್ನು ಹೊಡೆಸುತ್ತಾ ಬಂದ. ಗಾರೆ ಕೆಲಸದವನು, "ದಾರಕ್ಕೆ ತೂಕದ ಗುಂಡು ಕಟ್ಟಿ ಬುಟ್ಟು ನೋಡಣ, ಎಡಗಡೆ ಗೋಡೆ ವಾಲ್ಕಂಡದೆ" ಎಂದ. ಚಿಕ್ಕಪ್ಪ ಕೆರಳಿದ. "ನನ್ ಕಣ್ಣೇ ಗುಂಡು ಕಣ್ಲಾ. ನೀ ಸಿಮೆಂಟು ಕಲ್ಸು ಓಗು."

ಗೋಡೆ ನಿಜಕ್ಕೂ ವಾಲಿತ್ತು. ಶಟರು ಓಡಾಡುವ ಎಡಗಡೆಯ ಕಬ್ಬಿಣದ ಚಾನೆಲ್ಲೂ ಅದರ ಜೊತೆ ಬೆರಳಷ್ಟು ವಾಲಿ ಕೂತಿತು. ಮೊದಲ ದಿನವೇ ಶಟರು ಅರ್ಧಕ್ಕೆ ಬಂದು ಓರೆಯಾಗಿ ಸಿಕ್ಕಿಕೊಂಡಿತು. ಚಿಕ್ಕಪ್ಪ ಬೈದ, ಗ್ರೀಸು ಬಳಿದ, ಸುತ್ತಿಗೆಯಲ್ಲಿ ಬಡಿದ, ಎತ್ತಿದ. "ಒಸ ಬಾಗ್ಲು, ಒಸ ಸೊಸೆ ಇದ್ದಂಗೆ. ಮನೆಗೆ ಒಗ್ಗಾಗಂಟ ಇಂಗೇಯ" ಎಂದು ಹೇಳಿ ಊಟಕ್ಕೆ ಕೂತ.

ಆ ಸೊಸೆ ಮನೆಗೆ ಒಗ್ಗಲೇ ಇಲ್ಲ, ಮನೆಯೇ ಸೊಸೆಗೆ ಒಗ್ಗಿಕೊಂಡಿತು. ಒಬ್ಬರು ಎತ್ತಬೇಕು, ಒಬ್ಬರು ಒದೆಯಬೇಕು. ಅಪ್ಪ ಎತ್ತುವುದು, ಅವ್ವ ಒದೆಯುವುದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಡಮೂಲೆಯಲ್ಲಿ ನಿಂತು, ಶಟರು ಮೊಣಕಾಲೆತ್ತರಕ್ಕೆ ಬರುತ್ತಿದ್ದ ಹಾಗೆ ಹಿಮ್ಮಡಿಯಲ್ಲಿ ಒಂದು ಕೊಡುತ್ತಿದ್ದಳು. ಗಡಗಡ ಎಂದು ಮೇಲೆ ಹೋಗುತ್ತಿತ್ತು. ಮೊದಲೇ ಒದ್ದರೆ ಉಪಯೋಗವಿಲ್ಲ, ತಡವಾದರೆ ಕಚ್ಚಿಕೊಳ್ಳುತ್ತಿತ್ತು. ಆ ಹದ ಅವಳಿಗೊಬ್ಬಳಿಗೇ ಗೊತ್ತಿದ್ದದ್ದು. "ಈ ಮನೇಲಿ ಗೌಡ್ರು ಕಾರು ತೆಗೀಬೇಕಾರೆ ಗೌಡ್ತಿ ಒದೀಬೇಕು" ಎಂದು ಬೀದಿಯವರು ಆಡಿಕೊಂಡು ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು.

ಅಪ್ಪನಿಗೆ ಮಾತ್ರ ಸಾಕಾಗಿತ್ತು. ಒಂದು ದಿನ ಅವ್ವ ಗಂಜಾಂಗೆ ನಿಮಿಷಾಂಬ ದರ್ಶನಕ್ಕೆ ಹೋದ ಹೊತ್ತು ನೋಡಿ ಶ್ರೀರಂಗಪಟ್ಟಣದಿಂದ ಬೇರೊಬ್ಬ ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಗುಂಡು ಬಿಟ್ಟು ನೋಡಿ, ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು, "ಎಡಗಡೇದು ಬಿಚ್ಚಿ ನೆಟ್ಟಗೆ ಕೂರಿಸಬೇಕು ಯಜಮಾನ್ರೆ, ಅರ್ಧ ದಿನದ ಕೆಲಸ, ನಾಳೆ ಬರ್ತೀನಿ" ಎಂದು ಹೋದ. ಆ ನಾಳೆ ಬರಲಿಲ್ಲ. ಅವತ್ತು ಸಂಜೆಯೇ ಚಿಕ್ಕಪ್ಪ ಉಪ್ಸಾರಿಗೆ ಬಂದವನು ಸೀಮೆಸುಣ್ಣದ ಗೆರೆ ನೋಡಿದ.

ಬಾಗಿಲಿಗೂ ಬೈಯಲಿಲ್ಲ, ಅಪ್ಪನಿಗೂ ಬೈಯಲಿಲ್ಲ. ಬಡಿಸಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಗಾಡಿ ಹತ್ತಿದ. ಅಪ್ಪ ಅಂಜಿಕೊಂಡು ಆ ಮೆಕ್ಯಾನಿಕ್‌ಗೆ ಬರಬೇಡವೆಂದು ಹೇಳಿಕಳಿಸಿದರು. ಗೌರಿ ಹಬ್ಬಕ್ಕೆ ಬರಲಿಲ್ಲ, ದೀಪಾವಳಿಗೆ ಬರಲಿಲ್ಲ. ಕೊನೆಗೆ ಅವ್ವ ಕ್ಯಾರಿಯರ್ ತುಂಬ ಉಪ್ಸಾರು ಮುದ್ದೆ ಹೊತ್ತುಕೊಂಡು ಬಸ್ಸು ಹತ್ತಿ ಪಾಂಡವಪುರಕ್ಕೆ ಹೋದಳು. ಗಿರಾಕಿಗಳ ಎದುರೇ, ರಸ್ತೆಗೆಲ್ಲ ಕೇಳುವ ಹಾಗೆ ಉಗಿದಳಂತೆ. "ನಿನ್ ಮೊಕಕ್ಕಿಷ್ಟು ಬೆಂಕಿ ಆಕ, ಒಂದು ಗೆರೆ ಎಳ್ದಿದ್ದಕ್ಕೆ ಅತ್ಗೆ ಮನೇನೇ ಬುಟ್ಬುಟ್ಟಾ?" ಅವನು ಅಂಗಡಿಯ ನೆಲದ ಮೇಲೇ ಕೂತು ಕ್ಯಾರಿಯರ್ ಖಾಲಿ ಮಾಡಿದನಂತೆ.

ವಾಪಸು ಬಂದ ಅವ್ವ ಒದ್ದೆ ಬಟ್ಟೆ ತಂದು ಸೀಮೆಸುಣ್ಣದ ಗೆರೆ ಒರೆಸಿದಳು. "ಮನೇಲಿ ಮೈದ ಅಂತ ಇರುವಾಗ ಬೀದಿಯವ್ರನ್ನ ಕರೆಯಾದ? ಅವ್ನ ಮೊಕ ಊರಲ್ಲಿ ಏನಾಗ್ಬೇಕು? ಇನ್ಮ್ಯಾಲೆ ಈ ಬಾಗ್ಲು ಇನ್ನೊಬ್ಬ ಮುಟ್ಟಕೂಡ್ದು" ಎಂದು ಅಪ್ಪನಿಗೆ ಆಣೆ ಇಟ್ಟಳು. ನಮ್ಮ ಕಡೆ ಇದು ದೊಡ್ಡ ನ್ಯಾಯ. ದಾಯಾದಿ ಡಾಕ್ಟರಾದರೆ ಅವನ ಹತ್ತಿರವೇ ಸೂಜಿ ಚುಚ್ಚಿಸಿಕೊಳ್ಳಬೇಕು, ಅವನ ಕೈ ನಡುಗಿದರೂ ಸರಿ. ಅರ್ಧ ದಿನದ ಕೆಲಸ ಅಲ್ಲಿಗೇ ನಿಂತಿತು. ಚಿಕ್ಕಪ್ಪನಾದರೂ ಮಾಡಬಹುದಿತ್ತು. ಆದರೆ ಬಿಚ್ಚಿ ನೆಟ್ಟಗೆ ಕೂರಿಸಿದರೆ ಅದು ವಾಲಿತ್ತೆಂದು ಒಪ್ಪಿಕೊಂಡ ಹಾಗೆ. ಅವನ ಜಂಬ, ಅವಳ ಪ್ರೀತಿ, ಅಪ್ಪನ ಮೌನ, ಮೂರೂ ಸೇರಿ ಆ ಬಾಗಿಲನ್ನು ಹಾಗೇ ಇಟ್ಟವು. ಯಾರ ಮೇಲೆ ಹೆಚ್ಚು ಸಿಟ್ಟು ಎಂದು ಕೇಳಿದರೆ ಇವತ್ತಿಗೂ ನನಗೆ ಹೇಳಲಾಗದು.

ನನ್ನನ್ನು ಕೆ.ಆರ್. ಪೇಟೆಗೆ ಕೊಟ್ಟ ಮೇಲೆ ಅಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದೆ. ಎರಡನೇ ಶನಿವಾರ ಬಂದರೆ ತವರಿಗೆ ಓಡಿಬರುತ್ತಿದ್ದೆ. ಅಂಥದ್ದೇ ಒಂದು ಶನಿವಾರ ಬೆಳಿಗ್ಗೆ ಅವ್ವ ಹಾಲು ಕರೆದು ಬಂದವಳು ಜಗಲಿಯ ಮೇಲೆ ಕೂತುಬಿಟ್ಟಳು. ಎದೆ ಹಿಡಿದುಕೊಂಡಂತೆ ಆಗುತ್ತಿದೆ ಎಂದಳು. ಹಣೆಯ ಮೇಲೆ ಬೆವರು. "ಗ್ಯಾಸ್ಟ್ರಿಕ್ಕು ಕಣ್ಬುಡು, ರಾತ್ರಿ ಅವರೆಕಾಳು ತಿಂದಿದ್ನಲ್ಲ" ಎಂದು ಅವಳೇ ತೀರ್ಮಾನ ಕೊಟ್ಟಳು. ನಾನು ಆಂಬುಲೆನ್ಸ್‌ಗೆ ಫೋನ್ ಮಾಡುತ್ತೇನೆಂದರೆ, "ಬ್ಯಾಡ ಕಣಮ್ಮಿ, ಅದು ಕೂಗ್ಕಂಡು ಬಂದ್ರೆ ಬೀದಿಯೆಲ್ಲ ಸೇರ್ತದೆ. ಕಾರಲ್ಲಿ ಓಗದು, ಒಂದು ಇಂಜೆಕ್ಷನ್ ಆಕುಸ್ಕಬರದು" ಎಂದಳು.

ಅಪ್ಪ ಶಟರು ಎತ್ತಲು ಹೋದರು. ಒದೆಯುವವಳು ಜಗಲಿಯ ಮೇಲಿದ್ದಳು. ನಾನು ಓಡಿಹೋಗಿ ಒದ್ದೆ. ಹದ ತಪ್ಪಿತು. ಗಾಬರಿಯಲ್ಲಿ ಅಪ್ಪ ಬಲವೆಲ್ಲ ಹಾಕಿ ಎಳೆದರು. ಶಟರು ಓರೆಯಾಗಿ, ಮೊಣಕಾಲೆತ್ತರದಲ್ಲಿ, ಹಲ್ಲು ಕಚ್ಚಿದ ಹಾಗೆ ಕಚ್ಚಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಒಳಗೆ ಕಾರು, ಹೊರಗೆ ನಾವು.

ಎದುರು ಮನೆಯ ಕೃಷ್ಣೇಗೌಡ ಕಬ್ಬಿಣ ಕೊಯ್ಯುವ ಮಿಷನ್ನು ತಂದ. "ಕುಯ್ದ್ಬುಡ್ತೀನಿ ಅಣ್ಣ, ಚಣದ ಕೆಲ್ಸ." ಅಪ್ಪ ಅವ್ವನ ಮುಖ ನೋಡಿದರು. ಅವ್ವ ಅಲ್ಲಿಂದಲೇ ಕೈಯಾಡಿಸಿದಳು. "ಬ್ಯಾಡ ಕಣಪ್ಪ. ಪುಟ್ಸಾಮಿಗೆ ಫೋನ್ ಮಾಡಿ, ಬರ್ತಾನೆ." ಅಪ್ಪ ಫೋನ್ ಮಾಡಿದರು. ನಾನು ಕಿರುಚಿಕೊಂಡೆ, ನಿಮಗೆಲ್ಲ ತಲೆ ಕೆಟ್ಟಿದೆಯಾ ಎಂದೆ. "ನೀ ಸುಮ್ಕಿರು, ಮಗು ಬೇಜಾರ್ ಮಾಡ್ಕತದೆ" ಎಂದಳು ಅವ್ವ. ಮಗು ಎಂದರೆ ನರೆ ಕೂದಲಿನ ಚಿಕ್ಕಪ್ಪ.

ಪಾಂಡವಪುರದಿಂದ ಅವನು ಹಾರಿಬಂದ. ಅದನ್ನು ಇಲ್ಲವೆನ್ನುವುದಿಲ್ಲ. ಚಪ್ಪಲಿ ಇಲ್ಲ, ಅಂಗಿಯ ಗುಂಡಿ ಹಾಕಿರಲಿಲ್ಲ. ಅತ್ತಿಗೆಯ ಮುಖ ನೋಡಿದವನೇ ಶಟರಿನ ಕಡೆ ತಿರುಗಿ ಅಂಥ ಬೈಗುಳ ಬೈದ ಎಂದರೆ ಇಲ್ಲಿ ಬರೆಯಲಾಗದು. ಸುತ್ತಿಗೆ, ಹಾರೆ, ಗ್ರೀಸು. ಕೃಷ್ಣೇಗೌಡ ಮತ್ತೆ ಮಿಷನ್ನು ಎತ್ತಿಕೊಂಡು, "ಅಣ್ಣ, ಅಕ್ಕನ ಮೊಕ ನೋಡು, ಕುಯ್ಯೋದೇ ವಾಸಿ" ಎಂದ.

"ನಾನ್ ಮಾಡಿರೋ ಬಾಗ್ಲ ನೀ ಕುಯ್ದೀಯೇನ್ಲಾ? ಮುಟ್ಟು ನೋಡಾನ! ಐದು ನಿಮ್ಸ. ಅತ್ಗೆ, ಐದೇ ನಿಮ್ಸ!"

"ಮಾಡ್ಲಾ, ಮಾಡು" ಎಂದಳು ಅವ್ವ. ದನಿ ಸೋತಿತ್ತು.

ಅವನ ಐದು ನಿಮಿಷ ಮುಗಿಯಲಿಲ್ಲ. ಬಡಿಯುತ್ತಲೇ ಇದ್ದ, ಬೈಯುತ್ತಲೇ ಇದ್ದ. ನಾನು ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಅಲ್ಲಿದ್ದ ಆಟೋದಲ್ಲಿ ಕೆ.ಆರ್.ಎಸ್. ನೋಡಲು ಹೊರಟಿದ್ದ ಯಾರೋ ಕೂತಿದ್ದರು. ಕೈಮುಗಿದು ಇಳಿಸಿದೆ. ಆಟೋ ತಂದು ಅವ್ವನನ್ನು ಹತ್ತಿಸುವಾಗ ಅವಳ ಕೈ ತಣ್ಣಗಿತ್ತು. ಅಪ್ಪ ಒಂದು ಪಕ್ಕ, ನಾನೊಂದು ಪಕ್ಕ. ಚಿಕ್ಕಪ್ಪ ತಿರುಗಿ ಕೂಡ ನೋಡಲಿಲ್ಲ, ಶಟರಿನ ಕೆಳಗೆ ಹೆಗಲು ಕೊಟ್ಟು ನೂಕುತ್ತಿದ್ದ.

ಆಟೋ ಬೀದಿಯ ತಿರುವಿಗೆ ಬಂದಿತ್ತು. ಹಿಂದಿನಿಂದ ಗಡಗಡ ಎಂದು ಸದ್ದು ಬಂತು. ಶಟರು ಪೂರಾ ಮೇಲೆ ಹೋದ ಸದ್ದು, ನಮ್ಮ ಮನೆಯವರ ಕಿವಿಗೆ ಅದು ತಪ್ಪುವುದಿಲ್ಲ. ಆಮೇಲೆ ಚಿಕ್ಕಪ್ಪನ ಕೂಗು. "ಅತ್ಗೇ! ಎತ್ಬುಟ್ಟೆ! ನಿಲ್ಸ್ರಲಾ, ಎತ್ಬುಟ್ಟೆ ಕಣ್ರಲಾ!" ಎಂದು ಆಟೋದ ಹಿಂದೆ ಓಡಿಬರುತ್ತಿದ್ದ. ನಿಲ್ಲಿಸಬೇಡಿ ಎಂದೆ ನಾನು.

ಅವ್ವ ಕಣ್ಣು ಬಿಟ್ಟಳು. ನಕ್ಕಳು. ಅಷ್ಟು ನೋವಿನಲ್ಲೂ ಮುಖ ಅರಳಿತ್ತು. "ನೋಡ್ದಾ, ಎತ್ತುದ್ನಲ್ಲ ನನ್ ಮಗ" ಎಂದಳು.

ಅದೇ ಅವಳ ಕೊನೆಯ ಮಾತು. ಮೈಸೂರು ಮುಟ್ಟುವಾಗ ಜ್ಞಾನ ತಪ್ಪಿತ್ತು, ಸಂಜೆಗೆ ಮುಗಿಯಿತು. ಡಾಕ್ಟರು, "ಇನ್ನೊಂದು ಸ್ವಲ್ಪ ಮುಂಚೆ ತಂದಿದ್ದರೆ ನೋಡಬಹುದಿತ್ತು" ಎಂದರು. ನೆಂಟರು, ಆಯಸ್ಸು ಅಷ್ಟೇ ಇತ್ತು ಬಿಡವ್ವ, ಯಾರೇನು ಮಾಡಲಾಗುತ್ತೆ ಎಂದರು. ಆಯಸ್ಸಂತೆ, ಆಯಸ್ಸು! ಬೆರಳಷ್ಟು ವಾಲಿದ ಕಬ್ಬಿಣಕ್ಕೆ ಆಯಸ್ಸು ಎಂದು ಹೆಸರಿಡುವುದಾದರೆ ಇಟ್ಟುಕೊಳ್ಳಲಿ.

ತಿಥಿಗೆ ಮುಂಚೆ ಅಪ್ಪ ಕೃಷ್ಣೇಗೌಡನನ್ನು ಕರೆದು ಆ ಶಟರನ್ನು ಕೊಯ್ಯಿಸಿ ಗುಜರಿಗೆ ಕಳಿಸಿದರು. ಚಿಕ್ಕಪ್ಪ ತಿಥಿಗೆ ಬಂದ. ಬಾಗಿಲಿಲ್ಲದ ಶೆಡ್ಡಿನ ಎದುರು ನಿಂತ. ಊಟ ಮಾಡದೆ ಹೋದ. ಆಮೇಲೆ ಪಾಂಡವಪುರದಲ್ಲಿ ಕಂಡಕಂಡವರ ಹತ್ತಿರ, "ನಾನ್ ಎತ್ತಿದ್ದೆ ಕಣಪ್ಪ, ಅವ್ರೇ ಕಾಯ್ನಿಲ್ಲ" ಎಂದು ಹೇಳುತ್ತಾನೆಂದು ಸುದ್ದಿ ಬಂತು. ಕೇಳಿ ನನ್ನ ಮೈ ಉರಿದುಹೋಯಿತು. ಸತ್ತರೂ ಅವನ ಮುಖ ನೋಡುವುದಿಲ್ಲ ಎಂದುಕೊಂಡೆ. ಅವನೂ ನಮ್ಮ ಮನೆಯ ಕಡೆ ಬರಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಅವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ತೊದಲಿತು. ಅಪ್ಪ ಹೋಗಿ ನೋಡಿ ಬಂದು ನನಗೆ ಫೋನ್ ಮಾಡಿದರು. "ಒಂದ್ಸಲ ಓಗಿ ಬಾರವ್ವ. ನಿನ್ನೇ ಕೇಳ್ತಾವ್ನೆ." ಅಪ್ಪ ಯಾವತ್ತೂ ಏನನ್ನೂ ಕೇಳಿದವರಲ್ಲ. ಹೋದೆ.

ಚಿಕ್ಕವ್ವ ಕುರ್ಚಿ ಹಾಕಿ ಒಳಗೆ ಹೋದಳು. ಮಂಚದ ಮೇಲಿದ್ದವನು ಚಿಕ್ಕಪ್ಪನ ಅರ್ಧದಷ್ಟಿದ್ದ. ಹೇಗಿದ್ದೀಯ, ಮಕ್ಕಳು ಹೇಗಿದ್ದಾರೆ ಎಂಬ ಯಾವ ಮಾತೂ ಇಲ್ಲ. ನೇರ ಅದಕ್ಕೇ ಬಂದ.

"ಆಟೋದಲ್ಲಿ... ಅತ್ಗೆಗೆ ಕೇಳುಸ್ತಾ? ನಾ ಎತ್ತಿದ್ದು?"

"ಕೇಳಿಸ್ತು."

"ಏನಂದ್ಲು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನೋಡ್ದಾ, ಎತ್ತುದ್ನಲ್ಲ ನನ್ ಮಗ ಅಂದ್ಲು. ನಕ್ಕಳು."

ಅವನ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಅಳುತ್ತಿದ್ದಾನೋ ಲಕ್ವವೋ ಎಂದು ಮೊದಲು ತಿಳಿಯಲಿಲ್ಲ. "ಬೈಯ್ನಿಲ್ವಾ?"

"ಇಲ್ಲ."

"ಒಂದು ಮಾತೂ?"

"ಒಂದು ಮಾತೂ ಇಲ್ಲ, ಚಿಕ್ಕಪ್ಪ."

"ಬೈಬೇಕಿತ್ತು ಕಣವ್ವ" ಎಂದ. ಕಣ್ಣೀರು ಕಿವಿಗೆ ಇಳಿಯುತ್ತಿತ್ತು. "ಗೋಡೆ ವಾಲಿದ್ದು ನಂಗೆ ಗೊತ್ತಿತ್ತು. ಆ ಗಾರೆಯವ್ನು ಯೋಳ್ದಾಗ್ಲೇ ಗೊತ್ತಿತ್ತು." ಉಸಿರು ಎಳೆದುಕೊಂಡು, ಎಡಗೈಯಿಂದ ನನ್ನ ಕೈ ಹಿಡಿದ. ಗ್ರೀಸಿನ ಕಪ್ಪು ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. "ಅವ್ಳಂತೂ ಬೈಯ್ನಿಲ್ಲ. ನೀನಾರ ಬೈಯವ್ವ. ಒಂದ್ಸಲ ಬೈದ್ಬುಡು."

ಬೈಗುಳಕ್ಕೇನು ಬರವಿತ್ತೇ ನನ್ನ ಹತ್ತಿರ? ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಪಾಠ ಮಾಡುತ್ತಾ ನಿಂತ ಕಡೆ, ವರ್ಷಗಟ್ಟಲೆ ಒಂದೊಂದಾಗಿ ಕೂಡಿಹಾಕಿಕೊಂಡಿದ್ದೆ. ಎಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ನಾನು ಬಾಯಿ ಬಿಡಲಿಲ್ಲ. ಅವನ ಕೈ ಬಿಡಿಸಿಕೊಂಡು, ಹೊದಿಕೆ ಸರಿಮಾಡಿ, ಸುಮ್ಮನೆ ಎದ್ದೆ.

ಅವನಿಗೆ ಅರ್ಥವಾಯಿತು. ನಾಗಮಂಗಲದ ದಾರಿಯಲ್ಲಿ ಆ ಕಟ್ಟಳೆಯನ್ನು ನನಗೆ ಹೇಳಿಕೊಟ್ಟವನೇ ಅವನಲ್ಲವೇ? ಹಿಡಿದಿದ್ದ ಕೈ ಮಂಚದ ಮೇಲೆ ಹಾಗೇ ಬಿದ್ದಿತ್ತು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ನಾನು ಬಾಗಿಲು ದಾಟುವವರೆಗೂ ತಿರುಗಲಿಲ್ಲ. ಆ ವಾರವೇ ಹೋಗಿಬಿಟ್ಟ.

ಪಾಲಹಳ್ಳಿಯ ಶೆಡ್ಡಿಗೆ ಅಪ್ಪ ಇವತ್ತಿಗೂ ಬಾಗಿಲು ಹಾಕಿಸಿಲ್ಲ. ಓಮ್ನಿ ಎರಚಲು ಮಳೆಗೆ ನೆನೆಯುತ್ತದೆ, ಬೀದಿಯ ಕೋಳಿಗಳು ಅದರ ಕೆಳಗೆ ಮಲಗುತ್ತವೆ. ಎಡಗಡೆಯ ಗೋಡೆಯಲ್ಲಿ ಕಬ್ಬಿಣ ಕೊಯ್ದ ಗುರುತು ಉಳಿದಿದೆ. ತವರಿಗೆ ಹೋದಾಗಲೆಲ್ಲ ನಾನು ಅದರ ಮುಂದೆ ನಿಲ್ಲುತ್ತೇನೆ. ಅಪ್ಪ ಗದ್ದೆಗೆ ಹೋಗಿದ್ದು, ಬೀದಿಯಲ್ಲಿ ಯಾರೂ ಇಲ್ಲದಿದ್ದರೆ, ಬಾಯಿಗೆ ಬಂದ ಹಾಗೆ ಬೈಯುತ್ತೇನೆ. ಬಡ್ಡೈದ್ನೆ, ಒಂದು ಗುಂಡು ಬಿಟ್ಟು ನೋಡೋಕೆ ನಿನಗೇನಾಗಿತ್ತೋ, ನನ್ನವ್ವನ್ನ ತಿಂದ್ಬುಟ್ಟೆಯಲ್ಲೋ ಎಂದು ಗಂಟಲು ಕಟ್ಟುವವರೆಗೂ ಬೈಯುತ್ತೇನೆ. ಅವತ್ತು ಕೈ ಹಿಡಿದು ಕೇಳಿದವನಿಗೆ ಒಂದೂ ಕೊಡಲಿಲ್ಲ. ಈಗ ಗೋಡೆ ಕೇಳಿಸಿಕೊಳ್ಳುತ್ತದೆ.